ಮೂರನೆಯ ಸೈಕಲ್ಲು

ಹೋದ ಬೇಸಿಗೆಯಲ್ಲಿ ಒಂದು ಭಾನುವಾರ ನಮ್ಮ ಮನೆಗೆ ಬೀಗರ ಕಡೆಯವರು ಬಂದಿದ್ದರು. ಅವಲಕ್ಕಿ, ಚಹಾ ಎಲ್ಲ ಮುಗಿದು ಹೊರಡಲು ಎದ್ದಾಗ ಅವರಲ್ಲಿ ಹಿರಿಯರೊಬ್ಬರ ಕಣ್ಣು ಪಡಸಾಲೆಯ ಗೋಡೆಗೆ ಒರಗಿಸಿದ್ದ ಸೈಕಲ್ಲುಗಳ ಮೇಲೆ ಬಿತ್ತು. ಒಂದು, ಎರಡು, ಮೂರು ಎಂದು ಬೆರಳು ಮಡಚಿ ಎಣಿಸಿದರು. "ಮೊಮ್ಮಕ್ಕಳವೇನ್ರಿ?" ಎಂದು ಕೇಳಿದರು. "ಇಲ್ರಿ, ಮೂರೂ ಆಕೀವಽ ಅದಾವು" ಎಂದರು ನಮ್ಮ ಮನೆಯವರು, ತಪ್ಪು ಒಪ್ಪಿಕೊಳ್ಳುವವರ ದನಿಯಲ್ಲಿ. ಹಿರಿಯರು ನನ್ನ ಕಡೆ ತಿರುಗಿದರು. "ಏನ್ರಿ ಅಕ್ಕೋರ, ಒಬ್ಬ ಹೆಣ್ಣಮಗಳಿಗೆ ಮೂರು ಸೈಕಲ್ ಯಾಕ ಬೇಕ್ರಿ? ಕಾಲು ಇರೂದು ಎರಡಽ ಅಲ್ಲೇನು?" ಎಲ್ಲರೂ ನಕ್ಕರು. ನಾನೂ ನಕ್ಕೆ. ಬೇರೇನೂ ಮಾಡಲಾಗದ ಹೊತ್ತಿನಲ್ಲಿ ನಾವು ಹೆಂಗಸರು ನಗುತ್ತೇವಲ್ಲ, ಹಾಗೆ.

ಅವರು ಬಂದದ್ದು ಕಾರಿನಲ್ಲಿ. ಅವರ ಮನೆಯಲ್ಲಿ ಆ ಕಾರಲ್ಲದೆ ಎರಡು ಮೋಟರ್ ಸೈಕಲ್ಲುಗಳೂ ಒಂದು ಟ್ರ್ಯಾಕ್ಟರೂ ಇವೆ. ಅವನ್ನು ಯಾರಾದರೂ ಬೆರಳು ಮಡಚಿ ಎಣಿಸಿದ್ದನ್ನು ನಾನಂತೂ ಕಂಡಿಲ್ಲ.

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಕೊಡಬೇಕಾಗಿದ್ದ ಉತ್ತರ ಒಂದೊಂದೇ ವಾಕ್ಯವಾಗಿ ಹೊಳೆಯತೊಡಗಿತು. 30 ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ನಾನು. ಉತ್ತರ ಗೊತ್ತಿದ್ದೂ ಬರೆಯದೆ ಬಿಟ್ಟವರಿಗೆ ಅಂಕ ಕೊಟ್ಟವಳಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ನನ್ನ ಮೂರು ಸೈಕಲ್ಲುಗಳ ಪರಿಚಯ ಮಾಡಿಕೊಡಬೇಕು.

ಮೊದಲನೆಯದು 1994ರಲ್ಲಿ, ನೌಕರಿಗೆ ಸೇರಿದ ವರ್ಷ ಕೊಂಡದ್ದು. ಕರಿ ಬಣ್ಣದ ಲೇಡೀಸ್ ಸೈಕಲ್. ನಡುವಿನ ದಂಡ ಕೆಳಕ್ಕೆ ಇಳಿದಿರುವುದರಿಂದ ಸೀರೆ ಉಟ್ಟು ಹತ್ತಬಹುದು. ಚೈನಿಗೆ ಪೂರ್ತಿ ಕವರು, ಹಿಂದಿನ ಗಾಲಿಗೆ ಸೆರಗು ಸಿಕ್ಕದಂತೆ ಜಾಳಿಗೆ, ಮುಂದೊಂದು ಬುಟ್ಟಿ, ಹಿಂದೆ ಕ್ಯಾರಿಯರ್. ತೂಕ ಹೆಚ್ಚುಕಡಿಮೆ 20 ಕಿಲೊ. ಗೇರುಗಳಿಲ್ಲ. ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಹಲ್ಲು. ಪೆಡಲ್ಲನ್ನು ಒಂದು ಸುತ್ತು ತುಳಿದರೆ ಐದು ಮೀಟರಿಗಿಂತ ತುಸು ಹೆಚ್ಚು ಮುಂದೆ ಹೋಗುತ್ತದೆ, ಏರಿದ್ದರೂ ಅಷ್ಟೇ, ಇಳಿಜಾರಿದ್ದರೂ ಅಷ್ಟೇ. ಇದರ ಮೇಲೆ ಸಾಲಿಗೆ ಹೋಗಿದ್ದೇನೆ, ಗಾಂಧಿ ಚೌಕಿಗೆ ಹೋಗಿ ಕಾಯಿಪಲ್ಲೆ ತಂದಿದ್ದೇನೆ, ಗಿರಣಿಯಿಂದ ಹತ್ತು ಕಿಲೊ ಜೋಳದ ಹಿಟ್ಟು ಹೇರಿಕೊಂಡು ಬಂದಿದ್ದೇನೆ, ಜ್ವರ ಬಂದ ಮಗನನ್ನು ದವಾಖಾನೆಗೆ ಕೂಡಿಸಿಕೊಂಡು ಹೋಗಿದ್ದೇನೆ.

ಎರಡನೆಯದು 2016ರಲ್ಲಿ ಬಂತು. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ ತಾನು ಬಳಸಿದ್ದನ್ನು ಕಡಿಮೆ ಬೆಲೆಗೆ ಕೊಟ್ಟ. ಎರಡು ಇಂಚು ಅಗಲದ, ಮೈಮೇಲೆ ಉಬ್ಬುಗಳಿರುವ ಟೈರು, 21 ಗೇರು. ಇದು ಹೊಲದ ದಾರಿಗೆ. ನಮ್ಮ ಎರಿ ಮಣ್ಣಿನ ಗುಣ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ಒಂದು ಮಳೆ ಬಿದ್ದರೆ ಸಾಕು, ಕರಿ ಸೈಕಲ್ಲಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿ ಗಾಲಿ ತಿರುಗುವುದೇ ನಿಂತುಬಿಡುತ್ತದೆ. ಆಮೇಲೆ ಸೈಕಲ್ಲು ನಮ್ಮನ್ನು ಹೊರುವುದಿಲ್ಲ, ನಾವೇ ಸೈಕಲ್ಲನ್ನು ಹೊರಬೇಕು. ಈ ಎರಡನೆಯದಕ್ಕೆ ಮಡ್‌ಗಾರ್ಡ್ ಇಲ್ಲ. ಮೆತ್ತಿದ ಮಣ್ಣು ಒಂದಿಷ್ಟು ಉದುರಿ ಹೋಗುತ್ತದೆ. ಗೇರು ಇಳಿಸಿದರೆ ಒಂದು ಸುತ್ತಿಗೆ ಎರಡು ಮೀಟರಿಗಿಂತ ಕಡಿಮೆ ಸಾಗುತ್ತದೆ, ಆದರೆ ಮೊಳಕಾಲಿಗೆ ನೋವಿಲ್ಲದೆ ಸಾಗುತ್ತದೆ.

ಮೂರನೆಯದು 2019ರಲ್ಲಿ ಕೊಂಡದ್ದು. ಅಂಚೆ ಕಚೇರಿಯ ಆರ್.ಡಿ. ಐದು ವರ್ಷ ತುಂಬಿ ಬಂದ ಹಣದಲ್ಲಿ, 32,000 ರೂಪಾಯಿ ಕೊಟ್ಟು. ಸಣ್ಣ ಟೈರು, ಬಾಗಿದ ಹ್ಯಾಂಡಲ್ಲು, ತೂಕ ಕರಿ ಸೈಕಲ್ಲಿನ ಅರ್ಧದಷ್ಟು. ಇದರ ಟೈರಿಗೆ ಕರಿ ಸೈಕಲ್ಲಿನದಕ್ಕಿಂತ ಸುಮಾರು ಎರಡು ಪಟ್ಟು ಬಿಗಿಯಾಗಿ ಹವಾ ಹೊಡೆಯಬೇಕು. ಬಿಗಿಯಾದ ಸಣ್ಣ ಟೈರು ಡಾಂಬರಿನ ಮೇಲೆ ಹಗುರವಾಗಿ ಉರುಳುತ್ತದೆ. ಬಯಲುಸೀಮೆಯ ಗಾಳಿ ಎದುರಾದಾಗ ಹ್ಯಾಂಡಲ್ಲಿನ ಕೆಳಗಿನ ತುದಿ ಹಿಡಿದು ಮೈ ಬಾಗಿಸಿದರೆ ಗಾಳಿ ಬೆನ್ನ ಮೇಲಿಂದ ಹಾದುಹೋಗುತ್ತದೆ. ಇದಕ್ಕೆ ಬುಟ್ಟಿಯಿಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡೂ ಇಲ್ಲ. ಭಾನುವಾರ ಬೆಳಗಿನ ಐದೂವರೆಗೆ ಚೂಡಿದಾರ ಹಾಕಿಕೊಂಡು, ತಲೆಗೆ ಹೆಲ್ಮೆಟ್ ಇಟ್ಟುಕೊಂಡು ಬಬಲೇಶ್ವರದ ದಾರಿ ಹಿಡಿಯುತ್ತೇನೆ. ಬಿಸಿಲೇರುವ ಮೊದಲು ತಿರುಗಿ ಬರುತ್ತೇನೆ.

ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲವೇ? ಮಾಡಿಸಿ ನೋಡಿದ್ದೇನೆ. ಮೂರನೆಯದನ್ನು ಒಮ್ಮೆ ಹೊಲದ ದಾರಿಗೆ ಒಯ್ದೆ. ಬಳ್ಳಾರಿ ಜಾಲಿಯ ಮುಳ್ಳು ಎರಡೂ ಟೈರುಗಳನ್ನು ಚುಚ್ಚಿ, ಮೂರು ಕಿಲೊಮೀಟರು ನೂಕಿಕೊಂಡು ಬಂದೆ. ಅಗಲ ಟೈರಿನದನ್ನು ಡಾಂಬರಿನ ಮೇಲೆ ದೂರ ತುಳಿದೆ. ಬೀಸುವ ಕಲ್ಲಿನಂತೆ ಗುಂಯ್ ಎನ್ನುತ್ತ, ತುಳಿದ ಶಕ್ತಿಯನ್ನೆಲ್ಲ ತಾನೇ ತಿಂದಿತು. ಇನ್ನು ಹಿಟ್ಟಿನ ಡಬ್ಬಿಯನ್ನು ಮೂರನೆಯದರ ಮೇಲೆ ಎಲ್ಲಿ ಇಡಲಿ?

ಇದೇನು ಹೊಸ ಮಾತೇ? ರೊಟ್ಟಿ ಬೇಯಿಸುವ ಹಂಚಿನ ಮೇಲೆ ನಾವು ದೋಸೆ ಹುಯ್ಯುತ್ತೇವೆಯೇ? ಒಗ್ಗರಣೆಯ ಸೌಟಿನಿಂದ ಅನ್ನ ಬಡಿಸುತ್ತೇವೆಯೇ? ಸಾಲಿಗೊಂದು ಸೀರೆ, ಹಬ್ಬಕ್ಕೆ ಇಳಕಲ್ಲು, ಮದುವೆಗೆ ರೇಷ್ಮೆ ಎಂದು ಕಪಾಟಿನಲ್ಲಿ ಪೇರಿಸಿಟ್ಟಿದ್ದನ್ನು ಯಾವ ಬೀಗರೂ "ಮೈ ಇರೂದು ಒಂದಽ ಅಲ್ಲೇನು?" ಎಂದು ಕೇಳುವುದಿಲ್ಲ. ಅಷ್ಟೇಕೆ, ಆ ಹಿರಿಯರೇ ಒಕ್ಕಲುತನದವರು. ನೇಗಿಲು, ಕುಂಟೆ, ಕೂರಿಗೆ, ಎಡೆಕುಂಟೆ ಬೇರೆ ಬೇರೆ ಯಾಕೆ ಎಂದು ಅವರಪ್ಪನನ್ನು ಯಾರೂ ಕೇಳಲಿಲ್ಲ. ಕೆಲಸಕ್ಕೆ ತಕ್ಕ ಸಾಧನ ಎಂಬುದು ನಮ್ಮಲ್ಲಿ ಎಲ್ಲರೂ ಒಪ್ಪಿದ ಮಾತು. ಹಾಗಾದರೆ ನನ್ನ ಪಡಸಾಲೆಯಲ್ಲಿ ಮಾತ್ರ ಅದು ಯಾಕೆ ನಗೆಪಾಟಲಾಯಿತು?

ನಿದ್ರೆ ಬಾರದ ಆ ರಾತ್ರಿ ನನಗೆ ಹೊಳೆದ ಸಂಗತಿ ಇದು: ಮೊದಲನೆಯ ಸೈಕಲ್ಲಿನ ಬಗ್ಗೆ ಈ 30 ವರ್ಷಗಳಲ್ಲಿ ಯಾರೂ ಏನೂ ಅನ್ನಲಿಲ್ಲ. ಅದು ಸಂಬಳ ತರುತ್ತಿತ್ತು, ಕಾಯಿಪಲ್ಲೆ ತರುತ್ತಿತ್ತು, ಹಿಟ್ಟು ಹೊರುತ್ತಿತ್ತು. ನನ್ನ ಅತ್ತೆಯವರಂತೂ ನೆರೆಯವರ ಮುಂದೆ ಅದನ್ನು ಹೊಗಳುತ್ತಿದ್ದರು. ಎರಡನೆಯದು ಬಂದಾಗ ಅರ್ಧ ಪ್ರಶ್ನೆ ಎದ್ದಿತು. "ಹೊಲದಾಗ ಆಳು ಬಂದಾರೋ ಇಲ್ಲೋ ನೋಡಲಿಕ್ಕೆ ಬೇಕು" ಎಂದೆ, ಪ್ರಶ್ನೆ ಅಡಗಿತು. ಈಗ ಒಪ್ಪಿಕೊಳ್ಳುತ್ತೇನೆ, ಅದು ಅರ್ಧ ಸುಳ್ಳು. ಬದುವಿನ ಗುಂಟ ಕುಸುಬಿ ಹೂ ಬಿಟ್ಟಾಗ ಅಲ್ಲಿ ಸೈಕಲ್ಲು ತುಳಿಯುವುದು ನನಗೆ ಇಷ್ಟ. ಆದರೆ ಇಷ್ಟ ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಆಳಿನ ನೆಪ ಬೇಕಾಯಿತು. ಮೂರನೆಯದಕ್ಕೆ ಯಾವ ನೆಪವೂ ಇಲ್ಲ. ಅದರ ಮೇಲೆ ಏನನ್ನೂ ತರುವುದಿಲ್ಲ, ಯಾರನ್ನೂ ಕೂಡಿಸಿಕೊಳ್ಳುವುದಿಲ್ಲ, ಎಲ್ಲಿಗೂ ಮುಟ್ಟುವುದಿಲ್ಲ. ಹೋಗುತ್ತೇನೆ, ಬರುತ್ತೇನೆ. ಹಿರಿಯರಿಗೆ ಚುಚ್ಚಿದ್ದು ಮೂರು ಎಂಬ ಸಂಖ್ಯೆಯಲ್ಲ. ಮನೆಯ ಕೆಲಸವಿಲ್ಲದೆ ಮನೆಯಿಂದ ಹೊರಗೆ ಹೋಗುವ ಒಂದು ಸೈಕಲ್ಲು ಅವರಿಗೆ ಚುಚ್ಚಿತು.

ತಮ್ಮನ ಮಗ ಒಂದು ತಮಾಷೆ ಹೇಳಿದ್ದ. ಸೈಕಲ್ ಹುಚ್ಚಿನವರು ದೇಶವಿದೇಶಗಳಲ್ಲೆಲ್ಲ ಅದನ್ನು ಹೇಳಿಕೊಂಡು ನಗುತ್ತಾರಂತೆ. ಒಬ್ಬನ ಬಳಿ ಎಷ್ಟು ಸೈಕಲ್ಲಿರಬೇಕು? ಈಗ ಎಷ್ಟಿವೆಯೋ ಅದಕ್ಕಿಂತ ಒಂದು ಹೆಚ್ಚು. ಅದಕ್ಕೊಂದು ಬಾಲವೂ ಇದೆ: ಎಷ್ಟಾದರೆ ಹೆಂಡತಿ ಬಿಟ್ಟು ಹೋಗುತ್ತಾಳೋ ಅದಕ್ಕಿಂತ ಒಂದು ಕಡಿಮೆ. ಕೇಳಿದಾಗ ನಕ್ಕೆ. ಆಮೇಲೆ ಯೋಚಿಸಿದೆ. ಆ ಲೆಕ್ಕದಲ್ಲಿ ತುಳಿಯುವವನು ಗಂಡಸು, ಬಾಗಿಲಲ್ಲಿ ನಿಂತು ಎಣಿಸಿ ಮುಖ ಗಂಟಿಕ್ಕುವವಳು ಹೆಂಗಸು. ಅವನಿಗೆ ನಾಲ್ಕಿದ್ದರೆ ಹವ್ಯಾಸ ಎಂಬ ಮರ್ಯಾದೆಯ ಹೆಸರು. ನನಗೆ ಮೂರಿದ್ದರೆ "ಅಕ್ಕೋರಿಗೆ ಏನೋ ಆಗೇದ".

ನನ್ನ ಮೇಲೆ ಬರುವ ಆಕ್ಷೇಪಗಳನ್ನೂ ನೋಡೋಣ. ವಯಸ್ಸಾಯಿತು ಎನ್ನುತ್ತಾರೆ. ಅಮೆರಿಕದ ಫ್ರಾನ್ಸಿಸ್ ವಿಲ್ಲರ್ಡ್ ಎಂಬಾಕೆ, ನನ್ನ ಹಾಗೆಯೇ ಪಾಠ ಹೇಳಿದವರು, ಸೈಕಲ್ ಹತ್ತಲು ಕಲಿತದ್ದೇ 53ನೆಯ ವಯಸ್ಸಿನಲ್ಲಿ. ಕಲಿತ ಬಗೆಯನ್ನು 1895ರಲ್ಲಿ ಪುಸ್ತಕವಾಗಿಯೂ ಬರೆದರು. ನೂರಾ ಮೂವತ್ತು ವರ್ಷ ಹಿಂದೆ, ನೆಲ ಗುಡಿಸುವ ಲಂಗ ತೊಟ್ಟವರ ಕಾಲದಲ್ಲಿ ಆದದ್ದು ಈಗ ಯಾಕಾಗಬಾರದು? ಖರ್ಚು ಎನ್ನುತ್ತಾರೆ. ಅದೇ ವರ್ಷ ನನ್ನ ತಂಗಿ ಮಾಡಿಸಿದ ಬಳೆಗೆ ಇದಕ್ಕಿಂತ ಹೆಚ್ಚು ಹೋಯಿತು. ಆ ಬಳೆ ಬ್ಯಾಂಕಿನ ಲಾಕರಿನಲ್ಲಿದೆ. ಅವಳನ್ನು ಯಾರೂ ನಗಲಿಲ್ಲ, ಯಾಕೆಂದರೆ ಬಳೆ ಹೊತ್ತಿಗೆ ಬಂದರೆ ಮನೆಗೇ ಆಗುತ್ತದೆ.

ಇವಕ್ಕೆಲ್ಲ ಉತ್ತರ ಸುಲಭ. ಸುಲಭವಲ್ಲದ್ದು ಒಂದಿದೆ. ಸ್ಟಾಫ್ ರೂಮಿನಲ್ಲಿ ನನ್ನ ಸಹೋದ್ಯೋಗಿಯೊಬ್ಬರು, ನನ್ನನ್ನು ಪ್ರೀತಿಸುವವರೇ, ಒಮ್ಮೆ ಮೆಲ್ಲಗೆ ಹೇಳಿದರು: "ನಮ್ಮ ಹುಡುಗ್ಯಾರಿಗೆ ಒಂದೂ ಇಲ್ಲ. ನಿಮಗ ಮೂರು." ಈ ಮಾತು ನನಗೆ ನಾಟಿತು. ಈಗಲೂ ನಾಟುತ್ತದೆ.

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭವಾಯಿತು. ಕೊರೊನಾ ಬಂದ ಮೇಲೆ, 2020-21ರಿಂದ ಅದು ವರ್ಷಗಟ್ಟಲೆ ನಿಂತಿತು. ಸೈಕಲ್ಲಿನಿಂದ ಏನಾಗುತ್ತದೆ ಎಂದು ಕೇಳುವವರಿಗೆ ಬಿಹಾರದ ಉದಾಹರಣೆಯಿದೆ. ಅಲ್ಲಿ 2006ರಲ್ಲಿ ಒಂಬತ್ತನೆಯ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ಲಿಗೆಂದು ಹಣ ಕೊಡತೊಡಗಿದರು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಭ್ಯಾಸ ಮಾಡಿ 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸರಿಯಾದ ವಯಸ್ಸಿಗೆ ಪ್ರೌಢಶಾಲೆ ಸೇರುವ ಹುಡುಗಿಯರ ಸಂಖ್ಯೆ ಪ್ರತಿಶತ 32ರಷ್ಟು ಹೆಚ್ಚಿತು, ಗಂಡು ಹೆಣ್ಣಿನ ನಡುವಿನ ಅಂತರ ಪ್ರತಿಶತ 40ರಷ್ಟು ಕುಗ್ಗಿತು. ಆದ್ದರಿಂದ ಆ ಯೋಜನೆ ಬೇಕು, ನಿಲ್ಲದೆ ನಡೆಯಬೇಕು. ಇದರಲ್ಲಿ ಎರಡು ಮಾತಿಲ್ಲ.

ಆದರೆ ಆ ಸೈಕಲ್ಲುಗಳಲ್ಲಿ ಒಂದರ ಕತೆ ನನಗೆ ಗೊತ್ತು. ಅದನ್ನು ಹೇಳದೆ ಈ ಬರಹ ಮುಗಿಯುವುದಿಲ್ಲ.

ಆರು ಕಿಲೊಮೀಟರು ದೂರದ ಹಳ್ಳಿಯಿಂದ ಬರುತ್ತಿದ್ದ ಹುಡುಗಿ. ಎಂಟನೆಯ ತರಗತಿಯಲ್ಲಿ ಸೈಕಲ್ಲು ಸಿಕ್ಕಿತು. ಆ ವಿತರಣೆಯ ದಿವಸ ಮೈಕಿನ ಮುಂದೆ ನಿಂತು ಭಾಷಣ ಮಾಡಿದವಳು ನಾನೇ. "ಮಕ್ಕಳೇ, ಇದು ಸಾಲಿಗೆ ಬರಲಿಕ್ಕೆ ಕೊಟ್ಟಿದ್ದು, ಊರು ತಿರುಗಲಿಕ್ಕೆ ಅಲ್ಲ" ಎಂದಿದ್ದೆ. ಪಾಲಕರು ಚಪ್ಪಾಳೆ ತಟ್ಟಿದರು. ಹುಡುಗಿ ಮೂರು ವರ್ಷ ತಪ್ಪದೆ ಬಂದಳು, ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ದರ್ಜೆ ಪಡೆದಳು. ಜೂನ್ ತಿಂಗಳಲ್ಲಿ ಅವಳು ಕಾಲೇಜಿಗೆ ಸೇರಿಲ್ಲವೆಂದು ತಿಳಿದು ಅವರ ಮನೆಗೆ ಹೋದೆ. ಸೈಕಲ್ಲಿನ ಕ್ಯಾರಿಯರಿಗೆ ಹಾಲಿನ ಕ್ಯಾನು ಕಟ್ಟಿತ್ತು. ಅಣ್ಣ ಅದನ್ನು ತೆಗೆದುಕೊಂಡಿದ್ದ. ಬಸ್ಸು ಹೊತ್ತಿಗೆ ಬರುವುದಿಲ್ಲ, ಹುಡುಗಿ ಮನೆಯಲ್ಲೇ ಉಳಿದಿದ್ದಳು. ನಾನು ಕೇಳಿದ್ದಕ್ಕೆ ಅವಳ ಅಪ್ಪ, ಒಳ್ಳೆಯ ಮನುಷ್ಯ, ನೀರು ಕೊಟ್ಟು ಕೂಡಿಸಿ ಹೇಳಿದ: "ಸರಕಾರ ಸಾಲಿಗಂತ ಕೊಟ್ಟಿತ್ತು, ಸಾಲಿ ಮುಗೀತು. ಇನ್ನ ಆಕಿಗೆ ಸೈಕಲ್ ಯಾಕ ಬೇಕ್ರಿ ಅಕ್ಕೋರ?"

ನನ್ನ ಬಾಯಿ ಕಟ್ಟಿತು. ಅವನು ನನ್ನ ಭಾಷಣವನ್ನೇ ನನಗೆ ತಿರುಗಿ ಒಪ್ಪಿಸಿದ್ದ. ಕೆಲಸಕ್ಕೆಂದು ಕೊಟ್ಟ ಸೈಕಲ್ಲು ಕೆಲಸ ಮುಗಿದೊಡನೆ ಕೈಬಿಟ್ಟು ಹೋಗುತ್ತದೆ. ಅದು ಅವಳದು ಎಂದು ನಾನೂ ಹೇಳಿರಲಿಲ್ಲ, ಸರಕಾರವೂ ಹೇಳಿರಲಿಲ್ಲ, ಆದ್ದರಿಂದ ಅವಳಿಗೂ ಹಾಗೆನ್ನಿಸಿರಲಿಲ್ಲ. ಸಂಜೆ ಹೊತ್ತು ಗೆಳತಿಯ ಮನೆಗೆ, ಜಾತ್ರೆಗೆ, ಸುಮ್ಮನೆ ಕೆರೆಯ ದಂಡೆಗೆ ಅದರ ಮೇಲೆ ಹೋಗಿ ಬಂದಿದ್ದರೆ ಅಣ್ಣ ಕೇಳಿದ ದಿವಸ "ಇದು ನಂದು, ಕೊಡೂದಿಲ್ಲ" ಎನ್ನುವ ಒಂದು ಮಾತಾದರೂ ಅವಳ ಬಾಯಿಂದ ಬರುತ್ತಿತ್ತೋ ಏನೋ. ಆ ಮಾತನ್ನು ಕಲಿಸದವಳು ನಾನು, ಕನ್ನಡ ಟೀಚರು.

ನೆರೆಯ ತಮಿಳುನಾಡಿನಲ್ಲಿ ಇದನ್ನು ಕಲಿಸಿದವರಿದ್ದರು. ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಶೀಲಾ ರಾಣಿ ಚುಂಕತ್ ಜಿಲ್ಲಾಧಿಕಾರಿಯಾಗಿದ್ದಾಗ, 1991ರ ಸುಮಾರಿಗೆ, ಸಾಕ್ಷರತಾ ಆಂದೋಲನದ ಜೊತೆಗೇ ಹೆಂಗಸರಿಗೆ ಸೈಕಲ್ಲು ಕಲಿಸಿದರು. ಕಲ್ಲಿನ ಕ್ವಾರಿಯಲ್ಲಿ ದುಡಿಯುವವರೂ ಸೇರಿ ಸಾವಿರ ಸಾವಿರ ಮಂದಿ ಕಲಿತರು. ಅದನ್ನು ಕಣ್ಣಾರೆ ಕಂಡು ಬರೆದ ಪತ್ರಕರ್ತ ಪಿ. ಸಾಯಿನಾಥ್ ಒಂದು ಸಣ್ಣ ಸಂಗತಿ ದಾಖಲಿಸಿದ್ದಾರೆ. ಲೇಡೀಸ್ ಸೈಕಲ್ಲು ಸಾಲದೆ ಹೋದಾಗ ಹೆಂಗಸರು ಗಂಡಸರ ಸೈಕಲ್ಲನ್ನೇ ತುಳಿದರು. ಕೆಲವರಿಗೆ ಅದೇ ಹೆಚ್ಚು ಮೆಚ್ಚಿಗೆಯಾಯಿತು, ಯಾಕೆಂದರೆ ಅದರ ಅಡ್ಡದಂಡದ ಮೇಲೆ ಮಗುವನ್ನು ಕೂಡಿಸಿಕೊಳ್ಳಬಹುದು. ನೋಡಿದಿರಾ? ತನಗೆ ಯಾವ ಸೈಕಲ್ಲು ತಕ್ಕದ್ದು ಎಂಬುದು ತುಳಿಯುವವಳಿಗೆ ಗೊತ್ತಾಗುತ್ತದೆ. ತುಳಿಯಲು ಬಿಟ್ಟರೆ ತಾನೇ?

ನಮ್ಮ ಜಿಲ್ಲೆಯಲ್ಲೂ ಅದನ್ನು ತಿಳಿದ ಹುಡುಗಿಯರಿದ್ದಾರೆ. ವಿಜಯಪುರ, ಬಾಗಲಕೋಟೆ ಕಡೆಯವರು ಸೈಕಲ್ ಪಂದ್ಯಕ್ಕೆ ಹೆಸರಾದವರು. ವಿಜಯಪುರದ ಕ್ರೀಡಾ ವಸತಿನಿಲಯದಲ್ಲಿ ಹಳ್ಳಿಯ ಮಕ್ಕಳು ಇದ್ದು ಸೈಕ್ಲಿಂಗ್ ಕಲಿಯುತ್ತಾರೆ, ರಾಷ್ಟ್ರಮಟ್ಟದ ಪದಕ ತರುತ್ತಾರೆ. ನನ್ನ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ಸೇರಿದ್ದಳು. ನೋಡಲು ಹೋದಾಗ ಎರಡು ಸೈಕಲ್ಲು ತೋರಿಸಿದಳು. "ಇದು ರೋಡಿಂದು ಅಕ್ಕೋರ, ಗೇರೂ ಅದಾವ, ಬ್ರೇಕೂ ಅದಾವ. ಇದು ಟ್ರ್ಯಾಕಿಂದು. ಇದಕ್ಕ ಬ್ರೇಕಽ ಇಲ್ಲ. ತುಳಿಯೂದು ನಿಲ್ಲಿಸಾಕೂ ಬರಂಗಿಲ್ಲ, ಗಾಲಿ ತಿರುಗಿದಂಗ ಕಾಲೂ ತಿರುಗತಾವು." ಒಕ್ಕಲುತನದ ಮನೆಯ ಹುಡುಗಿ. ಎರಡು ಯಾಕೆ ಎಂದು ಅವಳನ್ನು ಯಾರೂ ನಗಲಿಲ್ಲ. ಯಾಕೆಂದರೆ ಅವಳು ಪದಕ ತರುತ್ತಾಳೆ. ಸಂತೋಷವೇ. ಆದರೆ ಪದಕ ತರದವಳಿಗೆ, ಸಂಬಳ ತರದವಳಿಗೆ, ಹಿಟ್ಟು ಹೊರದ ಹೊತ್ತಿನಲ್ಲಿ ಇರುವ ನಿಮಗೂ ನನಗೂ ಗಾಲಿಯ ಮೇಲೆ ಹಕ್ಕಿಲ್ಲವೇ?

ಇದನ್ನು ಓದುವ ನಿಮಗೆ ಮೂರು ಸೈಕಲ್ಲು ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಒಂದೇ ಇದ್ದರೂ ಸಾಕು, ಒಂದು ದಿವಸ ಅದರ ಬುಟ್ಟಿಯನ್ನು ಬಿಚ್ಚಿಟ್ಟು ಹೊರಗೆ ಹೊರಡಿ. ಎಲ್ಲಿಗೆ ಎಂದು ಕೇಳಿದರೆ ಔಷಧಿ ಅಂಗಡಿಗೆ ಎನ್ನಬೇಡಿ. ನಾನು ಬಹಳ ವರ್ಷ ಹಾಗೆ ಹೇಳಿದವಳು. ಆ ಸುಳ್ಳಿನ ಬೆಲೆ ನಮ್ಮ ಹೆಣ್ಣುಮಕ್ಕಳು ತೆರುತ್ತಾರೆ. ಹೆಂಗಸು ಕೆಲಸವಿಲ್ಲದೆ ಹೊರಗೆ ಹೋಗುವುದಿಲ್ಲ ಎಂಬ ನಿಯಮವನ್ನು ಒಂದೊಂದು ಸುಳ್ಳಿನಿಂದಲೂ ನಾವೇ ಗಟ್ಟಿ ಮಾಡುತ್ತೇವೆ.

ನನ್ನ ಸಹೋದ್ಯೋಗಿಯ ಮಾತನ್ನು ನಾನು ಮರೆತಿಲ್ಲ. ಎರಡನೆಯ ಸೈಕಲ್ಲು ಈಗ ಸಂಜೆ ಹೊತ್ತು ನಮ್ಮ ಓಣಿಯ ಹುಡುಗಿಯರ ಕೈಯಲ್ಲಿರುತ್ತದೆ. ಅಗಲ ಟೈರಿನದು, ಬಿದ್ದರೂ ಬೇಗ ಕೆಡುವುದಿಲ್ಲ. ಐದು ಮಂದಿ ಕಲಿತಿದ್ದಾರೆ, ಆರನೆಯವಳು ಬೀಳುತ್ತಿದ್ದಾಳೆ. ಎಲ್ಲಿಗೆ ಹೋಗಬೇಕು ಎಂದು ನಾನು ಅವರಿಗೆ ಹೇಳುವುದಿಲ್ಲ, ದೀಪ ಹಚ್ಚುವ ಹೊತ್ತಿಗೆ ತಂದು ನಿಲ್ಲಿಸಿದರೆ ಸಾಕು. ಮೂರನೆಯದನ್ನು ಮಾತ್ರ ಕೊಡುವುದಿಲ್ಲ. ಅದು ನನ್ನದು.

ದೀಪಾವಳಿಗೆ ಬೀಗರು ಮತ್ತೆ ಬರುತ್ತಾರೆ. ಆ ಹಿರಿಯರು ಮತ್ತೆ ಕೇಳಿದರೆ ಈ ಸಲ ನಗುವುದಿಲ್ಲ. ಚಹಾ ಕೊಟ್ಟು, ಎದುರಿಗೆ ಕುಳಿತು ಹೇಳುತ್ತೇನೆ: "ಒಂದು ಮನೀ ಸಲುವಾಗಿ, ಒಂದು ಹೊಲದ ಸಲುವಾಗಿ, ಒಂದು ನನ್ನ ಸಲುವಾಗಿ ಅದ ರೀ ಯಜಮಾನರ."